ಕುವಳಾಲದ ದೊರೆಗಳೂ ಕಾಳಿ ಎಂಬ ನಾಯಿಯೂ

ಮರಿಗಳ ಆಟವನ್ನು ನೋಡುತ್ತ ನಿಂತವನಿಗೆ ಹೊತ್ತು ಹೋದುದೇ ತಿಳಿಯುವುದಿಲ್ಲ. ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ಮಾರಿಕುಪ್ಪದ ಗಾಡಿಗಾಗಿ ಕಾದು ಅಭ್ಯಾಸವುಳ್ಳವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಹೆಣ್ಣುನಾಯಿಯೊಂದು ಮಲಗಿರುತ್ತದೆ. ಅದರ ಮರಿಗಳು ತಾಯಿಯ ಬೆನ್ನನ್ನು ಹತ್ತುತ್ತವೆ, ಉರುಳುತ್ತವೆ, ಒಂದರ ಕಿವಿಯನ್ನು ಇನ್ನೊಂದು ಕಚ್ಚಿ ಎಳೆಯುತ್ತದೆ. ತಾಯಿ ಒಂದು ಕಣ್ಣನ್ನು ಮಾತ್ರ ತೆರೆದು ನೋಡಿ ಮತ್ತೆ ಮುಚ್ಚುತ್ತದೆ. ಬೆಂಚಿನ ಮೇಲೆ ಕುಳಿತವರು ಪತ್ರಿಕೆಯನ್ನು ಮಡಿಸುತ್ತಾರೆ. ಒಬ್ಬರಿಗೊಬ್ಬರು ಗುರುತಿಲ್ಲದವರು ಪರಸ್ಪರ ಮುಖ ನೋಡಿ ನಗುತ್ತಾರೆ. ಭಾಷೆ, ಜಾತಿ, ಟಿಕೆಟ್ಟಿನ ದರ್ಜೆ ಯಾವುದೂ ಆ ನಗೆಗೆ ಅಡ್ಡಬರುವುದಿಲ್ಲ.

ಇದು ಕೆಲಸವಿಲ್ಲದವರ ವಿನೋದ ಎಂದು ತಳ್ಳಿಹಾಕುವವರು ಉಂಟು. ಆದರೆ ಆಸ್ಟ್ರಿಯ ದೇಶದ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ ೧೯೪೩ರಲ್ಲಿ ಇದರ ಕಾರಣವನ್ನು ಕುರಿತು ಬಹು ಮುಖ್ಯವಾದ ಮಾತನ್ನು ಆಡಿದನು. ಮೈಗೆ ಹೋಲಿಸಿದರೆ ದೊಡ್ಡದಾದ ತಲೆ, ಅಗಲವಾದ ಹಣೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ತಡವರಿಸುವ ನಡಿಗೆ, ಇವೆಲ್ಲ ಮನುಷ್ಯನ ಹಸುಗೂಸಿನ ಲಕ್ಷಣಗಳು. ಇವನ್ನು ಕಂಡೊಡನೆ ಎತ್ತಿಕೊಳ್ಳಬೇಕು, ಕಾಪಾಡಬೇಕು ಎಂಬ ಆಸೆ ನಮ್ಮಲ್ಲಿ ತಾನಾಗಿ ಹುಟ್ಟುತ್ತದೆ. ಅದೇ ಲಕ್ಷಣಗಳು ನಾಯಿಮರಿಯಲ್ಲೋ ಕರುವಿನಲ್ಲೋ ಕಂಡರೂ ಮನಸ್ಸು ಹಾಗೆಯೇ ಕರಗುತ್ತದೆ ಎಂಬುದು ಅವನ ಸಿದ್ಧಾಂತ.

ನಮ್ಮ ಭಾಷೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ, ವಿಜ್ಞಾನಿ ಹೇಳುವ ಮೊದಲೇ ನಮ್ಮ ಅಜ್ಜಿಯರಿಗೆ ಈ ವಿಷಯ ಗೊತ್ತಿತ್ತು ಎನಿಸುತ್ತದೆ. ಕನ್ನಡದ ತಾಯಿ ತನ್ನ ಮಗುವನ್ನು ‘ಮರಿ’ ಎಂದು ಕರೆಯುತ್ತಾಳೆ, ‘ಗಿಣಿ’ ಎನ್ನುತ್ತಾಳೆ, ‘ಕಂದ’ ಎನ್ನುತ್ತಾಳೆ. ಹಳಗನ್ನಡದಲ್ಲಿ ‘ಕಂದು’ ಎಂದರೆ ಕರು. ನಮ್ಮ ಚಿನ್ನದ ಗಣಿಯ ಲೈನುಗಳಲ್ಲಿ ತಮಿಳು ಮನೆಗಳೇ ಹೆಚ್ಚು. ಅಲ್ಲಿಯ ಮಕ್ಕಳು ಕರುವನ್ನು ‘ಕನ್ನುಕುಟ್ಟಿ’ ಎನ್ನುತ್ತಾರೆ. ತಮಿಳಿನ ‘ಕನ್ರು’, ಕನ್ನಡದ ‘ಕಂದು’, ಮುದ್ದಿನ ‘ಕಂದ’, ಇವೆಲ್ಲ ಒಂದೇ ಬೇರಿನಿಂದ ಬಂದ ಮಾತುಗಳೆಂದು ದ್ರಾವಿಡ ಭಾಷೆಗಳ ನಿಘಂಟುಕಾರರು ಒಟ್ಟಿಗೆ ಪಟ್ಟಿಮಾಡಿದ್ದಾರೆ. ಕೊಟ್ಟಿಗೆಯಲ್ಲಿ ಹುಟ್ಟಿದ ಮಾತು ತೊಟ್ಟಿಲಿಗೆ ಏರಿತೋ, ತೊಟ್ಟಿಲಿನದು ಕೊಟ್ಟಿಗೆಗೆ ಇಳಿಯಿತೋ, ಪಂಡಿತರು ಜಗಳವಾಡಲಿ. ಎರಡಕ್ಕೂ ಒಂದೇ ಮಾತು ಸಾಕೆಂದು ನಮ್ಮ ಹಿರಿಯರಿಗೆ ತೋರಿತ್ತು ಎಂಬುದು ನಿಶ್ಚಯ.

ಇನ್ನು ಇತಿಹಾಸ. ಶಾಲೆಯ ಪುಸ್ತಕಗಳಲ್ಲಿ ಪ್ರಾಣಿಗಳಿಗೆ ಸಿಕ್ಕುವ ಸ್ಥಳ ಬಹಳ ಕಡಿಮೆ. ಸೈನ್ಯದಲ್ಲಿ ಆನೆ ಇಷ್ಟು, ಕುದುರೆ ಇಷ್ಟು ಎಂದು ಲೆಕ್ಕ ಬರುತ್ತದೆ; ಅಲ್ಲಿಗೆ ಮುಗಿಯಿತು. ಆದರೆ ಕೋಲಾರ ಸೀಮೆಯವರಾದ ನಮಗೆ ಈ ಮೌನ ಒಪ್ಪತಕ್ಕುದಲ್ಲ. ಈ ನೆಲದಿಂದ ಆಳಿದ ಗಂಗರು ಪ್ರಾಣಿಗಳನ್ನು ಕಣ್ಣಿಟ್ಟು ನೋಡಿದ ದೊರೆಗಳು. ಕೋಲಾರವೇ ಅವರ ಮೊದಲ ರಾಜಧಾನಿ. ಮುಂದೆ ರಾಜಧಾನಿ ಕಾವೇರಿಯ ದಡದ ತಲಕಾಡಿಗೆ ಹೋದ ಮೇಲೂ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಅವರು ಬಿಡಲಿಲ್ಲ. ಕುವಳಾಲ, ಕೋಳಾಲ, ಕೋಲಾರ, ಎಲ್ಲ ಒಂದೇ ಊರಿನ ಹೆಸರು. ಅವರ ತಾಮ್ರಶಾಸನಗಳ ಮುದ್ರೆಯ ಮೇಲೆ ಇರುವುದು ಆನೆ. ಎಂಟನೆಯ ಶತಮಾನದ ಶ್ರೀಪುರುಷನು ಗಜಶಾಸ್ತ್ರವನ್ನು ಕುರಿತು ಗ್ರಂಥ ರಚಿಸಿದನೆಂದು ಪ್ರತೀತಿ. ಅವನ ಮಗ ಇಮ್ಮಡಿ ಶಿವಮಾರನು ಕನ್ನಡದಲ್ಲಿಯೇ ‘ಗಜಾಷ್ಟಕ’ವನ್ನು ಬರೆದನು. ಅದು ಪಂಡಿತರ ಓಲೆಗರಿಯಲ್ಲಿ ಮಾತ್ರ ಉಳಿಯದೆ, ಬತ್ತ ಕುಟ್ಟುವ ಹೆಂಗಸರ ಬಾಯಲ್ಲಿ ಒನಕೆವಾಡಾಗಿ ಹಾಡಿಕೊಳ್ಳಲ್ಪಟ್ಟಿತು ಎಂದು ಶಾಸನವೊಂದು ಹೇಳುತ್ತದೆ. ದೊರೆ ಆನೆಯ ಮೇಲೆ ಬರೆದ ಪದ ಒರಳಿನ ಬಳಿಗೆ ಬಂದಿತು! ಆ ಕೃತಿ ಇಂದು ನಮಗೆ ಉಳಿದಿಲ್ಲ. ಕನ್ನಡ ಸಾಹಿತ್ಯ ಕಳೆದುಕೊಂಡ ಗ್ರಂಥಗಳಲ್ಲಿ ಯಾವುದಾದರೂ ಒಂದು ತಿರುಗಿ ಬರಲಿ ಎಂದು ವರ ಕೇಳುವ ಅವಕಾಶ ದೊರೆತರೆ, ದೊಡ್ಡ ದೊಡ್ಡ ಚಂಪುಗಳನ್ನು ಬದಿಗಿಟ್ಟು ನಾನು ಗಜಾಷ್ಟಕವನ್ನೇ ಕೇಳಿಯೇನು.

ಆನೆಯೆಂದರೆ ಎಲ್ಲರಿಗೂ ಆನಂದವೆಂದು ಭಾವಿಸಬಾರದು. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯ ರೈತರನ್ನು ಕೇಳಿ ನೋಡಿರಿ. ತಮಿಳುನಾಡಿನ ಗಡಿಯ ಕಾಡಿನಿಂದ ಹಿಂಡು ಬಂದರೆ ರಾಗಿಯ ಹೊಲಕ್ಕೆ ಏನಾಗುತ್ತದೆ ಎಂಬುದನ್ನು ಅವರು ಹೇಳುತ್ತಾರೆ. ಮರಿಯಾನೆ ತಾಯಿಯ ಕಾಲುಗಳ ನಡುವೆ ನಡೆಯುವ ನೋಟ ದೂರದಿಂದ ನೋಡುವವರಿಗೆ ಸೊಗಸು. ರಾತ್ರಿಯೆಲ್ಲ ತಮಟೆ ಬಡಿಯುತ್ತ ಎಚ್ಚರವಿರುವವನಿಗೆ ಹಾಗಲ್ಲ.

ನಮ್ಮ ಜಿಲ್ಲೆಯ ಊರೂರುಗಳಲ್ಲಿ ಹಳೆಯ ಕಲ್ಲುಗಳಿವೆ. ದತ್ತಿಯ ಶಾಸನಗಳ ತಲೆಯ ಮೇಲೆ ಸೂರ್ಯಚಂದ್ರರ ಕೆಳಗೆ ಹಸುವೂ ಹಾಲು ಕುಡಿಯುವ ಕರುವೂ ಇರುವುದನ್ನು ನೀವು ನೋಡಿರಬಹುದು. ಓದುಬಾರದ ರೈತನಿಗೂ ಈ ದಾನವನ್ನು ಅಳಿಯಬಾರದು ಎಂದು ತಿಳಿಯಬೇಕು. ಅದಕ್ಕೆ ಶಿಲ್ಪಿ ಆರಿಸಿಕೊಂಡ ಗುರುತು ಕತ್ತಿಯಲ್ಲ, ಕರುವನ್ನು ನೆಕ್ಕುವ ತಾಯಿ. ತುರುಗಳನ್ನು ಅಪಹರಿಸಲು ಬಂದವರೊಡನೆ ಕಾದಿ ಸತ್ತವರ ವೀರಗಲ್ಲುಗಳಂತೂ ಬೇಕಾದಷ್ಟು. ಪುಣ್ಯಕೋಟಿಯ ಕಥೆಗೆ ಮಕ್ಕಳು ಇಂದಿಗೂ ಕಣ್ಣೀರಿಡುವ ನಾಡಿನಲ್ಲಿ ಇದು ಆಶ್ಚರ್ಯವಲ್ಲ. ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ಹಸುಗಳ ಬೇನೆಗೆ ಮದ್ದು ಹೇಳುವ ‘ಗೋವೈದ್ಯ’ವನ್ನು ಬರೆದದ್ದೂ ಈ ಭಾಷೆಯಲ್ಲಿಯೇ.

ಆದರೆ ಹಸು, ಆನೆ, ಕುದುರೆಗಳಿಂದ ಮನುಷ್ಯನಿಗೆ ಲಾಭವುಂಟು, ದೊರೆತನವುಂಟು. ನಾಯಿಯ ಮಾತು ಬೇರೆ. ಶಾಸ್ತ್ರ ಬಲ್ಲವರು ಅದನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಬೈಗುಳಕ್ಕೆ ಅದರ ಹೆಸರನ್ನು ಬಳಸಿದರು. ಮಹಾಭಾರತದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದುದು ನಿಜ; ಆದರೆ ಕೊನೆಗೆ ಆ ನಾಯಿ ನಾಯಿಯಾಗಿ ಉಳಿಯಲಿಲ್ಲ, ಧರ್ಮದೇವತೆಯಾಯಿತು. ನಾಯಿಯಾಗಿಯೇ ಹುಟ್ಟಿ, ನಾಯಿಯಾಗಿಯೇ ಸತ್ತು, ಪೂಜೆ ಪಡೆದ ಒಂದು ಜೀವದ ಕಥೆ ಬೇಕಾದರೆ ಆತಕೂರಿನ ಕಲ್ಲಿನ ಬಳಿಗೆ ಹೋಗಬೇಕು.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಹಳ್ಳಿ. ಅಲ್ಲಿ ದೊರೆತ ಶಾಸನದ ಕಾಲ ಶಕವರ್ಷ ೮೭೨, ಸೌಮ್ಯ ಸಂವತ್ಸರ, ಕ್ರಿಸ್ತಶಕದಲ್ಲಿ ೯೪೯-೫೦. ಅದರ ಮೊದಲ ಭಾಗ ದೊಡ್ಡವರ ಕಥೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನು (ಶಾಸನಗಳ ಕನ್ನರದೇವನು) ಚೋಳರ ಮೇಲೆ ದಂಡೆತ್ತಿ ಹೋದನು. ತಕ್ಕೋಲದಲ್ಲಿ ಘೋರ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿ ಹೋರಾಡಿದ ಗಂಗ ದೊರೆ ಇಮ್ಮಡಿ ಬೂತುಗನು ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದನು. ಈ ಬೂತುಗನಿಗೂ ನಮ್ಮ ಕೋಲಾರದ ಒಡೆಯನೆಂಬ ಬಿರುದು ಶಾಸನದಲ್ಲಿದೆ.

ಇಲ್ಲಿ ಒಂದು ಮಾತಿನ ಕಥೆಯನ್ನು ಹೇಳದೆ ಮುಂದುವರಿಯಲು ಮನಸ್ಸಾಗುವುದಿಲ್ಲ. ರಾಜಾದಿತ್ಯನ ವಧೆಯನ್ನು ವರ್ಣಿಸುವಲ್ಲಿ ‘ಬಿಸುಗೆ’ ಎಂಬ ಶಬ್ದ ಬರುತ್ತದೆ. ಶಾಸನವನ್ನು ಮೊದಲು ಪ್ರಕಟಿಸಿದ ಫ್ಲೀಟ್ ಮಹಾಶಯನು ಈ ಮಾತಿನ ಅರ್ಥವನ್ನು ಸರಿಯಾಗಿ ಹಿಡಿಯಲಾರದೆ, ಬೂತುಗನು ಮೋಸದಿಂದ ಇರಿದನೆಂದು ಭಾಷಾಂತರಿಸಿದನು. ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ. ಬೂತುಗನು ಅಂಬಾರಿಯನ್ನೇ ರಣರಂಗವಾಗಿ ಮಾಡಿಕೊಂಡು, ಎದುರಾಳಿಯ ಆನೆಯನ್ನೇರಿ ಕಾದಿ ಕೊಂದನೆಂಬುದು ನಿಜವಾದ ಅರ್ಥ. ಫ್ಲೀಟನೇ ಅದನ್ನು ಮುಂದೆ ತಿದ್ದಿಕೊಂಡನು. ಹಳಗನ್ನಡದ ವ್ಯಾಕರಣ ನಿಘಂಟುಗಳನ್ನು ಈ ಕಾಲದಲ್ಲಿ ಯಾಕೆ ಓದಬೇಕು ಎಂದು ಕೇಳುವ ತಂದೆತಾಯಿಗಳಿಗೆ ನಾನು ಹೇಳುವ ಉದಾಹರಣೆ ಇದು. ಒಂದು ಶಬ್ದ ತಿಳಿಯದಿದ್ದರೆ ವೀರನು ಕೊಲೆಗಡುಕನಾಗಿಬಿಡುತ್ತಾನೆ.

ಗೆದ್ದ ಚಕ್ರವರ್ತಿ ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುಲಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦, ಇಷ್ಟು ನಾಡುಗಳನ್ನು ಕೊಟ್ಟನು. ಸೇನೆಯ ಮುಂದೆ ನಿಂತು ಕಾದಿದ ಒಬ್ಬ ಯೋಧನು ಬೂತುಗನ ಬಳಿ ಇದ್ದನು, ಹೆಸರು ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು, ಏನು ಬೇಕೋ ಕೇಳು ಎಂದನು. ಊರನ್ನು ಕೇಳಬಹುದಾಗಿತ್ತು. ಗದ್ದೆ, ಹೊನ್ನು, ಕುದುರೆ, ಏನನ್ನು ಕೇಳಿದರೂ ಅಂದು ಇಲ್ಲವೆನ್ನುವವರಿರಲಿಲ್ಲ. ಮಣಲೆರನು ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ದೊರೆ ಕೊಟ್ಟನು.

ಈ ಕೋರಿಕೆಯ ಮುಂದೆ ಸ್ವಲ್ಪ ನಿಲ್ಲಬೇಕು. ನಾಯಿಯ ಬಲವನ್ನು ಕುರಿತು ಕೇಳಿ ತಿಳಿದವನು ಹೀಗೆ ಕೇಳಲಾರನು. ದಿನವೂ ನೋಡಿದವನು ಮಾತ್ರ ಕೇಳುತ್ತಾನೆ. ದಂಡಿನ ಬಿಡಾರದಲ್ಲಿ ಆ ನಾಯಿ ಓಡುವುದನ್ನು, ಮಲಗುವುದನ್ನು, ಹೆಸರು ಕರೆದರೆ ತಲೆಯೆತ್ತುವುದನ್ನು ಅವನು ಎಷ್ಟೋ ಸಲ ನೋಡಿ, ಇದು ನನ್ನದಾಗಿದ್ದರೆ ಎಂದುಕೊಂಡಿರಬೇಕು. ಶಾಸನ ಇದನ್ನು ಹೇಳುವುದಿಲ್ಲ, ನಾನು ಊಹಿಸುತ್ತೇನೆ. ನೆರೆಮನೆಯ ಮರಿಯನ್ನು ಗೋಡೆಯ ಮೇಲಿಂದ ದಿನವೂ ನೋಡುವ ಹುಡುಗನಿಗೂ ಮಣಲೆರನಿಗೂ ಹೆಚ್ಚಿನ ಅಂತರವಿದೆಯೆಂದು ನನಗೆ ತೋರುವುದಿಲ್ಲ.

ಮುಂದಿನ ಕಥೆ ಚಿಕ್ಕದು. ಕೆಳಲೆ ನಾಡಿನ ಬೆಳತೂರಿನ ಪಶ್ಚಿಮಕ್ಕೆ, ಒಂದು ದಿಣ್ಣೆಯಲ್ಲಿ ದೊಡ್ಡ ಕಾಡುಹಂದಿ ಕಾಣಿಸಿತು. ಕಾಳಿಯನ್ನು ಅದರ ಮೇಲೆ ಬಿಟ್ಟರು. ಎರಡೂ ಕಾದಿ ಎರಡೂ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಗದ್ದೆಯನ್ನು ಬಿಟ್ಟನು. ಆ ಗದ್ದೆಯನ್ನು ಅನುಭವಿಸುವ ಗೊರವನು, ಎಂದರೆ ದೇವಾಲಯದ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆ ಎಂದು ಕಟ್ಟು ಮಾಡಿದನು. ಬೇರೆ ಶಾಸನಗಳಲ್ಲಿ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದು ಶಾಪ ಹಾಕುವುದು ವಾಡಿಕೆ. ಇಲ್ಲಿ ಬಂದದ್ದು ನಾಯಿಯ ಪಾಪ. ಪಾಪ, ಆ ನಾಯಿ ಏನು ಪಾಪ ಮಾಡಿದ್ದೀತು? ಶಿವಾಲಯದ ಪೂಜಾರಿ ಊಟಕ್ಕೆ ಕೂರುವ ಮೊದಲು ದಿನವೂ ಒಂದು ನಾಯಿಯನ್ನು ನೆನೆಯಬೇಕು ಎಂದು ಹತ್ತನೆಯ ಶತಮಾನದಲ್ಲಿ ಒಬ್ಬನು ಕಲ್ಲಿನ ಮೇಲೆ ಬರೆಸಿದ ಧೈರ್ಯ ಸಣ್ಣದಲ್ಲ.

ತರಗತಿಯಲ್ಲಿ ರಾಷ್ಟ್ರಕೂಟರ ಪಾಠಕ್ಕೆ ತೂಕಡಿಸುವ ಮಕ್ಕಳು ಈ ಭಾಗಕ್ಕೆ ಬಂದರೆ ನೆಟ್ಟಗೆ ಕೂರುತ್ತಾರೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ಕೇಳಿದನು: “ಸಾರ್, ಅಷ್ಟು ಇಷ್ಟಪಟ್ಟು ಕೇಳಿ ತಂದ ನಾಯೀನ ಹಂದಿ ಮೇಲೆ ಯಾಕೆ ಸಾರ್ ಬಿಟ್ಟರು? ಮನೇಲೇ ಇಟ್ಟುಕೊಳ್ಳಬಹುದಾಗಿತ್ತಲ್ಲ?”

ಬೇಟೆನಾಯಿಯ ಕೆಲಸವೇ ಅದು, ಹಂದಿಗಳು ಬೆಳೆಯನ್ನು ಹಾಳುಮಾಡುತ್ತಿದ್ದವು ಎಂದು ಹೇಳಿದೆ. ಅದು ಸುಳ್ಳಲ್ಲ. ಮಣಲೆರನ ಕಾಲದವರಿಗೆ ಕಾದಿ ಸಾಯುವುದೇ ದೊಡ್ಡ ಗೌರವ. ತನಗೆ ಯಾವ ಸಾವನ್ನು ಬಯಸುತ್ತಿದ್ದನೋ ಅದನ್ನೇ ನಾಯಿಗೂ ಸಲ್ಲಿಸಿ, ತನಗೆ ನಿಲ್ಲಿಸಬೇಕಾಗಿದ್ದಂಥ ಕಲ್ಲನ್ನೇ ಅದಕ್ಕೂ ನಿಲ್ಲಿಸಿದನು ಎಂದೂ ವಿವರಿಸಿದೆ. ಹುಡುಗನು ಕುಳಿತನು; ಆದರೆ ಅವನ ಮುಖದಲ್ಲಿ ಒಪ್ಪಿಗೆಯಿರಲಿಲ್ಲ. ಕಲ್ಲು ಗೌರವವನ್ನು ಹೇಳುತ್ತದೆ, ದುಃಖವನ್ನೂ ಹೇಳುತ್ತಿರಬಹುದು. ಕಾಳಿಯನ್ನು ಯಾರು ಬಿಟ್ಟರೆಂಬುದನ್ನು ಮಾತ್ರ ಅದು ಹೇಳದೆ ಬಿಟ್ಟಿದೆ. ಪ್ರೀತಿಸುವವರೇ ಪ್ರಾಣಿಗಳನ್ನು ಅಪಾಯಕ್ಕೆ ತಳ್ಳುವ ಈ ವಿಚಿತ್ರ ಇಂದಿಗೂ ನಿಂತಿಲ್ಲ. ಮುದ್ದಿಗಾಗಿ ಮರಿಯನ್ನು ತಂದು, ಬೆಳೆದ ಮೇಲೆ ಬೀದಿಗೆ ಬಿಡುವವರು ನಮ್ಮ ಊರಿನಲ್ಲಿಯೂ ಉಂಟು.

ಅದೇ ಕಾದಾಟದಲ್ಲಿ ಸತ್ತ ಹಂದಿಯ ಹೆಸರನ್ನು ಯಾರೂ ಕೇಳುವುದಿಲ್ಲ. ಲೊರೆಂಟ್ಸನ ಲಕ್ಷಣಗಳು ಅದರ ಮುಖದಲ್ಲಿಲ್ಲ ತಾನೆ! ಮುದ್ದು ಮುಖವಿಲ್ಲದ ಜೀವಗಳ ಗತಿ ಯಾವ ಕಾಲದಲ್ಲಿಯೂ ಕಷ್ಟವೇ. ನಮ್ಮ ಜಿಲ್ಲೆಯ ಹನುಮನಹಳ್ಳಿಯ ಬಳಿಯ ಗುಹೆಯಲ್ಲಿ ಒಂದು ಜಾತಿಯ ಬಾವಲಿ ಇದೆ. ಮೂಗಿನ ಮೇಲೆ ಎಲೆಯಂಥ ಮಡಿಕೆಗಳಿರುವುದರಿಂದ ಕೋಲಾರದ ಎಲೆಮೂಗಿನ ಬಾವಲಿ ಎಂದು ಹೆಸರು. ಇದು ಬೇರೆಯೇ ಒಂದು ಜಾತಿಯೆಂದು ವಿಜ್ಞಾನಿಗಳು ೧೯೯೪ರಲ್ಲಿ ವರ್ಣಿಸಿದರು. ಇಡೀ ಜಗತ್ತಿನಲ್ಲಿ ಅವುಗಳ ನೆಲೆಯೆಂದು ತಿಳಿದಿರುವುದು ನಮ್ಮ ಈ ಸೀಮೆ ಮಾತ್ರ. ಎಣಿಸಿದವರಿಗೆ ಕಂಡದ್ದು ಇನ್ನೂರಕ್ಕಿಂತ ಕಡಿಮೆ. ಸುತ್ತಲಿನ ಬಂಡೆಗಳನ್ನು ಕಲ್ಲಿಗಾಗಿ ಒಡೆಯುವುದು ಅವುಗಳಿಗೆ ಒದಗಿದ ದೊಡ್ಡ ಅಪಾಯ. ಬಾವಲಿಯ ತಾಯಿಯೂ ಮರಿಯನ್ನು ಎದೆಗವಚಿಕೊಂಡೇ ಸಾಕುತ್ತದೆ. ಆದರೆ ಕತ್ತಲ ಗುಹೆಯೊಳಗೆ ಹೋಗಿ ಅದನ್ನು ನೋಡಿ ನಕ್ಕವರು ಎಷ್ಟು ಮಂದಿ?

ಮತ್ತೆ ನಾಯಿಯ ಕಡೆಗೆ ಬರೋಣ. ತಕ್ಕೋಲದ ಪಾಠ ನಮ್ಮ ಶಾಲೆಗಳಲ್ಲಿ ಸ್ವಲ್ಪ ಸೂಕ್ಷ್ಮವಾದುದು. ನನ್ನ ಮುಂದೆ ಕುಳಿತವರಲ್ಲಿ ತಮಿಳು ಮನೆಯ ಮಕ್ಕಳು ಅನೇಕರು. ಅವರ ತಾತ ಮುತ್ತಾತಂದಿರು ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳಿಂದ ಗಣಿಯ ಕೆಲಸಕ್ಕೆ ಬಂದವರು. ೨೦೦೧ರಲ್ಲಿ ಗಣಿ ಮುಚ್ಚಿದ ಮೇಲೂ ಇಲ್ಲಿಯೇ ಉಳಿದವರು. ತಕ್ಕೋಲವೂ ಅದೇ ಹಳೆಯ ಉತ್ತರ ಆರ್ಕಾಟಿನ ಊರು. ಅವರಿಗೆ ರಾಜಾದಿತ್ಯನು ತಮ್ಮವನು. ಬೂತುಗನು ಗೆದ್ದನೆಂದು ನಾನು ಏರಿದ ಧ್ವನಿಯಲ್ಲಿ ಹೇಳಿದರೆ ಒಪ್ಪುವುದಾದರೂ ಹೇಗೆ? ಆದುದರಿಂದ ಆತಕೂರಿನ ಪಾಠದ ಬೆನ್ನಿಗೇ ಇನ್ನೊಂದು ಕಲ್ಲಿನ ಕಥೆಯನ್ನು ಹೇಳುತ್ತೇನೆ.

ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಲ್ಲಿ, ಚೆಂಗಂ ಸೀಮೆಯ ಎಡುತ್ತನೂರು ಎಂಬಲ್ಲಿ ಒಂದು ವೀರಗಲ್ಲಿದೆ. ಪಲ್ಲವ ಮಹೇಂದ್ರವರ್ಮನ ೩೪ನೆಯ ಆಳ್ವಿಕೆಯ ವರ್ಷದ್ದು. ಎಂದರೆ ಏಳನೆಯ ಶತಮಾನದ ಆರಂಭ, ಆತಕೂರಿಗಿಂತ ಮುನ್ನೂರು ವರ್ಷಕ್ಕೂ ಹಿಂದಿನದು. ಕರುಂದೇವಕತ್ತಿ ಎಂಬವನು ಎಮ್ಮೆಗಳನ್ನು ಕಾಯುವ ಕಾದಾಟದಲ್ಲಿ ಸತ್ತನು. ಅವನ ನಾಯಿಯ ಹೆಸರು ಕೋವಿವನ್. ಆ ನಾಯಿ ಇಬ್ಬರು ಕಳ್ಳರನ್ನು ಕಚ್ಚಿ, ಅಲ್ಲಿಯೇ ಕಾದು ನಿಂತಿತು ಎಂದು ಕಲ್ಲು ಹೇಳುತ್ತದೆ. ವೀರನ ಬಳಿಯಲ್ಲಿ ನಾಯಿಯ ರೂಪವನ್ನೂ ಬಿಡಿಸಿದ್ದಾರೆ. ಇಲ್ಲಿ ಚಕ್ರವರ್ತಿಯ ದಂಡಯಾತ್ರೆಯಿಲ್ಲ, ಹನ್ನೆರಡು ಸಾವಿರದ ನಾಡಿಲ್ಲ. ಕೆಲವು ಎಮ್ಮೆ, ಒಬ್ಬ ಮನುಷ್ಯ, ಒಂದು ನಾಯಿ. ಮನುಷ್ಯನು ಬಿದ್ದ ಮೇಲೂ ನಾಯಿ ಹೋಗಲಿಲ್ಲ.

ಎರಡರಲ್ಲಿ ಯಾವುದು ದೊಡ್ಡ ನಾಯಿ ಎಂದು ಮಕ್ಕಳು ಕೂಡಲೇ ಜಗಳ ತೆಗೆಯುತ್ತಾರೆ. ತಮಿಳಿನವರೆಲ್ಲ ಕೋವಿವನ್, ಕನ್ನಡದವರೆಲ್ಲ ಕಾಳಿ ಎಂದು ಗುಂಪಾಗುತ್ತದೆಯೋ ಎಂದುಕೊಂಡರೆ ಹಾಗಾಗುವುದಿಲ್ಲ. ಮನೆಯಲ್ಲಿ ಆಡು, ಎಮ್ಮೆ ಸಾಕಿದವರು ಕೋವಿವನ್ನಿನ ಕಡೆ. ಉಳಿದವರು ಕಾಳಿಯ ಕಡೆ. ನನ್ನನ್ನು ಕೇಳಿದರೆ ಕೋವಿವನ್ನಿಗೇ ಓಟು. ಅದನ್ನು ಯಾರೂ ಬಿಡಲಿಲ್ಲ, ಅಟ್ಟಲಿಲ್ಲ, ತಾನಾಗಿ ನಿಂತಿತು.

ಇಂಥ ನಿಷ್ಠೆಗೆ ಹೊರನಾಡುಗಳಲ್ಲಿಯೂ ಸಾಕ್ಷಿಯುಂಟು. ಜಪಾನಿನ ಹಾಚಿಕೊ ಎಂಬ ನಾಯಿ, ಯಜಮಾನನಾದ ಪ್ರಾಧ್ಯಾಪಕ ಉಯೆನೊ ೧೯೨೫ರಲ್ಲಿ ತೀರಿಕೊಂಡ ಮೇಲೂ ಟೋಕಿಯೋದ ಶಿಬುಯಾ ನಿಲ್ದಾಣಕ್ಕೆ ಬಂದು, ೧೯೩೫ರಲ್ಲಿ ತಾನು ಸಾಯುವವರೆಗೆ ಕಾಯುತ್ತಿದ್ದುದು ಲೋಕಪ್ರಸಿದ್ಧ. ಅದೇ ದೇಶದ ವಿಜ್ಞಾನಿಗಳು ೨೦೧೫ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಕುತೂಹಲಕರವಾದುದು. ನಾಯಿಯೂ ಯಜಮಾನನೂ ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತಿದ್ದಾಗ, ತಾಯಿಗೂ ಕೂಸಿಗೂ ನಡುವಿನ ಮಮತೆಗೆ ಸಂಬಂಧಪಟ್ಟ ಆಕ್ಸಿಟೋಸಿನ್ ಎಂಬ ಸ್ರಾವ ಇಬ್ಬರ ಮೈಯಲ್ಲಿಯೂ ಹೆಚ್ಚಿತಂತೆ. ಮನುಷ್ಯನೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗೆ ಆಗಲಿಲ್ಲ. ನೋಡಿ ಸಂತೋಷಪಡುವುದು ಒಂದು ಕಡೆಯ ವ್ಯವಹಾರವಲ್ಲ; ನಾವು ನೋಡುತ್ತಿರುವಾಗ ಅದೂ ನಮ್ಮನ್ನು ನೋಡುತ್ತಿದೆ.

ಕಾಳಿಯ ಕಲ್ಲನ್ನು ನೋಡಬಯಸುವವರು ಆತಕೂರಿಗೆ ಹೋದರೆ ಅದು ಅಲ್ಲಿಲ್ಲ. ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಅನುಕೂಲವುಂಟು. ಬಂಗಾರಪೇಟೆಯಲ್ಲಿ ಪೂರ್ವದ ಕಡೆಯ ಗಾಡಿ ಹತ್ತಿದರೆ ಅರಕ್ಕೋಣಂ ಸಿಗುತ್ತದೆ, ಅಲ್ಲಿಂದ ಚೆಂಗಲ್ಪಟ್ಟಿನ ದಾರಿಯಲ್ಲಿ ತಕ್ಕೋಲ. ಪಶ್ಚಿಮದ ಕಡೆಯ ಗಾಡಿ ಹತ್ತಿದರೆ ಬೆಂಗಳೂರು, ಅಲ್ಲಿಂದ ಮೈಸೂರಿನ ದಾರಿಯಲ್ಲಿ ಮದ್ದೂರು. ಬೂತುಗನ ಸೈನ್ಯ ಎಷ್ಟೋ ದಿನ ನಡೆದ ಹಾದಿ ಈಗ ಒಂದು ಹಗಲಿನ ಪ್ರಯಾಣ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಕ್ಷರಗಳನ್ನು ಆಮೇಲೆ ತೋರಿಸಲಿ, ಕನ್ನರದೇವನ ಬಿರುದುಗಳನ್ನು ಅದಕ್ಕೂ ಆಮೇಲೆ ಓದಲಿ. ಕಲ್ಲಿನ ಮೇಲ್ಭಾಗದಲ್ಲಿ, ಸಾಲುಗಳ ನಡುವೆ, ಹಂದಿಯೂ ಕಾಳಿಯೂ ಒಂದನ್ನೊಂದು ಹಿಡಿದಿವೆ; ಮೊದಲು ಅದನ್ನು ನೋಡಲಿ.